ಈ ವಾರದ ಪದ: ಫಿಡಲ್

ಎಲ್ಲರಿಗೂ ನಮಸ್ಕಾರ. ನಿನ್ನೆ ಕೇಳಿದ್ದಿರಲ್ಲ, ಇಂಗ್ಲಿಷಿನಲ್ಲಿ 'ಫಿಡಲ್' ಮಾಡೋದು ಅಂದರೇನು ಅಂತ. ಮೀಟಿಂಗಿನಲ್ಲಿ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು ಸುಮ್ನೆ ಆಡಿಸುತ್ತಾ ಕೂರುತ್ತೇವಲ್ಲ, ಅದೇ. ಮೊದಲಿಗೆ ಇದು ತಂತಿವಾದ್ಯದ ಹೆಸರು, ಆಮೇಲೆ ಅದನ್ನು ನುಡಿಸುವುದಕ್ಕೂ ಅದೇ ಪದ. 16ನೇ ಶತಮಾನದಲ್ಲಿ ಸುಮ್ಮನೆ ಬೆರಳಾಡಿಸುವ ಅರ್ಥವೂ ಸೇರಿತು.

ನಮ್ಮ 'ಪಿಟೀಲು' ಬಂದಿದ್ದೂ ಫಿಡಲ್‌ನಿಂದಲೇ! ಮಲ್ಲೇಶ್ವರದ ಕಡೆ ಹೋದರೆ ಚೌಡಯ್ಯ ಸ್ಮಾರಕ ಭವನ ನೋಡಿ, ಇಡೀ ಕಟ್ಟಡವೇ ಪಿಟೀಲಿನ ಆಕಾರ. ರೋಮ್ ಉರಿಯುವಾಗ ನೀರೋ ಪಿಟೀಲು ಬಾರಿಸಿದ ಕಥೆ ಮಾತ್ರ ನಂಬಬೇಡಿ, ಆಗ ಪಿಟೀಲೇ ಹುಟ್ಟಿರಲಿಲ್ಲ. ಇನ್ನು ನಾವು 'ಪಿಟೀಲು ಕುಯ್ಯಬೇಡ' ಅನ್ನೋದು ತಲೆ ತಿನ್ನೋರಿಗೆ. ಇಂಗ್ಲಿಷಿನವರದು ಕೈಚಾಳಿ, ನಮ್ಮದು ಬಾಯಿಚಾಳಿ, ಅಲ್ವಾ?

ಮುಂದಿನ ಪದ ಶುಕ್ರವಾರದೊಳಗೆ ಕಳಿಸಿ. ಗುಡ್ ಮಾರ್ನಿಂಗ್ ಫೋಟೊ ಬೇಡ.