ಯಾಣದ ಮೆಟ್ಟಿಲಿನ ಮೇಲೆ ಜೊತೆಗೆ ಕುಳಿತವರಿಗೆ

ಈ ದಸರಾ ರಜೆಯಲ್ಲಿ ತಮ್ಮ ಮಕ್ಕಳ ಜೊತೆ ನಮ್ಮ ಮಗಳನ್ನೂ ಕರೆದುಕೊಂಡು ಘಟ್ಟ ಹತ್ತಿದ ಕಾರವಾರದ, ಅಂಕೋಲೆಯ ಗೆಳೆಯರ ಕುಟುಂಬಗಳಿಗೆ, ಶಿರಸಿ ಸೀಮೆಯ ತೋಟದ ಮನೆಯಲ್ಲಿ ನಮ್ಮನ್ನು ಇರಿಸಿಕೊಂಡ ದಂಪತಿಗೆ, ಆ ಮನೆಯ ಅಜ್ಜಿಗೆ, ಮತ್ತು ಅಂಗಳ ತುಂಬಿಕೊಂಡಿದ್ದ ಆ ಮಕ್ಕಳಿಗೆಲ್ಲ ಇದು ನಮ್ಮ ಮನೆಯವರ ವಂದನೆ. ಒಬ್ಬೊಬ್ಬರ ಕೈ ಹಿಡಿದು ಹೇಳಿದ್ದಾಗಿದೆ. ಆದರೂ ನಾಲ್ಕು ಜನರ ಮುಂದೆ ಹೇಳದಿದ್ದರೆ ಈ ಋಣ ಪೂರ್ತಿ ಹೇಳಿದಂತಾಗುವುದಿಲ್ಲ.

ನಮ್ಮ ಮಗಳಿಗೆ ಟೈಪ್ 1 ಮಧುಮೇಹವಿದೆ. ಕಳೆದ ವರ್ಷದ ಮಳೆಗಾಲದಲ್ಲಿ ಗೊತ್ತಾಯಿತು, ಆಗ ಅವಳಿಗೆ ಎಂಟು ವರ್ಷ. ಎಷ್ಟು ನೀರು ಕುಡಿದರೂ ಬಾಯಾರಿಕೆ ತೀರುತ್ತಿರಲಿಲ್ಲ, ರಾತ್ರಿ ಹಾಸಿಗೆ ಒದ್ದೆಯಾಗುತ್ತಿತ್ತು, ಜೂನ್‌ನಲ್ಲಿ ಹೊಲಿಸಿದ ಶಾಲೆಯ ಲಂಗ ಆಗಸ್ಟ್‌ನಲ್ಲಿ ಸೊಂಟದಿಂದ ಜಾರುತ್ತಿತ್ತು. ವಾಂತಿ ಶುರುವಾದಾಗ ತೋರಿಸಿದ ಮೊದಲ ಕಡೆ ಹೊಟ್ಟೆಯ ಸೋಂಕು ಎಂದು ಔಷಧಿ ಕೊಟ್ಟು ಕಳುಹಿಸಿದರು. ಮರುದಿನ ಬೇರೆ ಕಡೆ ಹೋದಾಗ, ಹೆಸರು ಬರೆದುಕೊಳ್ಳುತ್ತಿದ್ದ ನರ್ಸ್ ಒಬ್ಬರು ಮಗುವಿನ ಉಸಿರಿನಲ್ಲಿ ಹಣ್ಣು ಕಳಿತಂಥ ವಾಸನೆ ಬರುತ್ತಿರುವುದನ್ನು ಗಮನಿಸಿದರು. ಯಾರೂ ಹೇಳುವ ಮೊದಲೇ ಬೆರಳು ಚುಚ್ಚಿ ರಕ್ತ ನೋಡಿದರು. ಅಳೆಯಲಾಗದಷ್ಟು ಸಕ್ಕರೆ ಇದ್ದುದರಿಂದ ಮೀಟರಿನಲ್ಲಿ ಅಂಕಿಯೇ ಬರಲಿಲ್ಲ. ಅಲ್ಲಿಂದ ಆಂಬುಲೆನ್ಸ್ ದಕ್ಷಿಣಕ್ಕೆ, ಜಿಲ್ಲೆಯ ಗಡಿ ದಾಟಿ ಓಡಿತು. ದೊಡ್ಡ ಚಿಕಿತ್ಸೆ ಬೇಕಾದಾಗಲೆಲ್ಲ ಉತ್ತರ ಕನ್ನಡದವರ ಪಾಡು ಹೀಗೆಯೇ. ದಾರಿಯುದ್ದಕ್ಕೂ ನಾನು ಅವಳ ಅಂಗೈ ಹಿಡಿದು ಕುಳಿತಿದ್ದೆ. ಆ ನರ್ಸ್ ಇಂದು ಯಾವ ಊರಿನಲ್ಲಿ ಕೆಲಸದಲ್ಲಿದ್ದಾರೋ, ಅವರಿಗೆ ನಮ್ಮ ಮೊದಲ ನಮಸ್ಕಾರ. ಅವರು ಮೂಗಿಗೆ ಬಂದ ವಾಸನೆಯನ್ನು ಅಲಕ್ಷಿಸಿದ್ದರೆ ಈ ಬರಹ ಇರುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಹತ್ತಿರದವರು ಕೊಟ್ಟ ಸಲಹೆ ಒಂದೇ: 'ಹೆಣ್ಣುಮಗು, ಯಾರಿಗೂ ಹೇಳಬೇಡಿ.' ಮುಂದೆ ಮದುವೆಗೆ ತೊಂದರೆಯಾಗುತ್ತದೆ ಎಂಬ ಕಾಳಜಿ ಅವರದು. ಆದರೆ ಹೇಳದೆ ಈ ಕಾಯಿಲೆಯ ಮಗುವನ್ನು ಸಾಕುವುದು ಹೇಗೆ? ಶರೀರದ ರಕ್ಷಣಾ ವ್ಯವಸ್ಥೆಯೇ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಕೊಂದುಹಾಕುತ್ತದೆ. ಸಿಹಿ ತಿಂದದ್ದರಿಂದ ಬರುವುದಲ್ಲ, ಪಥ್ಯದಿಂದ ಹೋಗುವುದೂ ಇಲ್ಲ. ಪ್ರತಿ ಊಟಕ್ಕೆ ಮೊದಲು, ಮತ್ತೆ ಮಲಗುವ ಮುನ್ನ, ಹೊರಗಿನಿಂದ ಇನ್ಸುಲಿನ್ ಕೊಡಬೇಕು. ಹೆಚ್ಚಾದರೆ ಸಕ್ಕರೆ ಕುಸಿದು ಮಗು ಎಚ್ಚರ ತಪ್ಪಬಹುದು. ಆಗ ಪಕ್ಕದಲ್ಲಿದ್ದವನಿಗೆ ವಿಷಯವೇ ಗೊತ್ತಿಲ್ಲದಿದ್ದರೆ ಅವನು ನೋಡುತ್ತಾ ನಿಲ್ಲುವುದಲ್ಲದೆ ಏನು ಮಾಡಿಯಾನು? ನಾವು ಹೇಳುವುದೆಂದು ನಿರ್ಧರಿಸಿದೆವು. ಇದನ್ನು ಬರೆಯಲೂ ಮಗಳನ್ನು ಕೇಳಿದೆ. 'ನನ್ನ ಫೋಟೋ ಬೇಡ, ಮಿಕ್ಕಿದ್ದೆಲ್ಲ ಬರೆ ಆಯಿ' ಎಂದಳು.

ಈ ವರ್ಷ ಶಾಲೆಯ ಪ್ರವಾಸಕ್ಕೆ ಅವಳನ್ನು ಕರೆದೊಯ್ಯಲು ಒಪ್ಪಲಿಲ್ಲ. ಜವಾಬ್ದಾರಿ ಯಾರದು ಎಂಬುದು ಅವರ ಪ್ರಶ್ನೆ. ನಾನೇ ಜೊತೆಗೆ ಬರುತ್ತೇನೆ ಎಂದರೂ ಆಗಲಿಲ್ಲ. ಬಸ್ಸು ಹೊರಟ ದಿನ ಅವಳು ಅಳಲಿಲ್ಲ. ಚಿತ್ರ ಬಿಡಿಸುತ್ತಾ ಕುಳಿತಳು. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಅದೇ ಸಂಜೆ ನಮ್ಮ ಓಣಿಯ ಗೆಳತಿ ಬಂದು, 'ದಸರಾ ರಜೆಗೆ ನಾವೇ ಕಾಡಿಗೆ ಹೋಗೋಣ, ಎಲ್ಲ ಮಕ್ಕಳನ್ನೂ ಕಟ್ಟಿಕೊಂಡು ಹೋಗೋಣ. ನಿಮ್ಮ ಮಗಳಿಗೆ ಏನೇನು ಬೇಕೋ ಅದನ್ನು ನಮಗೆ ಕಲಿಸಿಬಿಡಿ' ಎಂದರು. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಮುಂದಿನ ಭಾನುವಾರಗಳಲ್ಲಿ ನಮ್ಮ ಹಜಾರದಲ್ಲಿ ಪಾಠ ನಡೆಯಿತು. ದೊಡ್ಡವರೆಲ್ಲ ತಮ್ಮ ತಮ್ಮ ಬೆರಳು ಚುಚ್ಚಿಕೊಂಡು ಮೀಟರು ನೋಡಲು ಕಲಿತರು. ಅಂಕೋಲೆಯ ಗೆಳೆಯರು, ಮಕ್ಕಳೆಲ್ಲ ಅವರನ್ನು ಕಾಕಾ ಎನ್ನುತ್ತಾರೆ, ಸೂಜಿ ಕಂಡರೆ ಮುಖ ತಿರುಗಿಸುವವರು. ಅವರೂ ಕಲಿತರು.

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಒಳಗೆ ಹೊರಳಿದರೆ ಆ ತೋಟದ ಮನೆ. ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಅಡಿಕೆ ತೋಟ, ನಡುವೆ ಹಂಚಿನ ಮಾಡಿನ ಮನೆ, ಅದಕ್ಕೆ ಅಂಟಿಕೊಂಡಂತೆ ಅತಿಥಿಗಳಿಗೆಂದು ಕಟ್ಟಿದ ಕೋಣೆಗಳು. ಮಳೆ ಇನ್ನೂ ಪೂರ್ತಿ ಹಿಂದೆ ಸರಿದಿರಲಿಲ್ಲ. ಅಡಿಕೆಗೊನೆಗಳು ಹಸಿರಾಗಿಯೇ ಇದ್ದವು. ತೋಟದ ಹಳ್ಳದಲ್ಲಿ ಮೊಣಕಾಲುದ್ದ ನೀರು. ಉಂಬಳಗಳು ಮಕ್ಕಳ ಕಾಲನ್ನು ಹುಡುಕಿಕೊಂಡು ಬರುತ್ತಿದ್ದವು. ಮೊದಲ ದಿನ ಕಿರುಚಾಟ, ಆಮೇಲೆ ಯಾರ ಕಾಲಿಗೆ ಹೆಚ್ಚು ಎಂಬ ಪಂದ್ಯ. ಬೆರಳು ಚುಚ್ಚಿ ರಕ್ತ ತೆಗೆಯುವುದನ್ನು ದಿನವೂ ಮಾಡುವ ನಮ್ಮ ಮಗಳಿಗೆ ಉಂಬಳದ ಭಯವೇ ಇರಲಿಲ್ಲ. ಚಿಕ್ಕವರ ಕಾಲಿಗೆ ಉಪ್ಪು ಹಚ್ಚುವ ಕೆಲಸ ಅವಳ ಪಾಲಿಗೆ ಬಂತು. ಯಾರ ನೆರವೂ ಬೇಡದೆ, ಬೇರೆಯವರಿಗೆ ನೆರವಾಗುತ್ತಾ ಓಡಾಡುತ್ತಿದ್ದ ಅವಳನ್ನು ಜಗುಲಿಯಿಂದ ಎಷ್ಟು ಹೊತ್ತು ನೋಡಿದೆನೋ.

ಆ ಮನೆಯ ಯಜಮಾನಿಯವರಿಗೆ ಹೊರಡುವ ಮೊದಲೇ ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದೆವು. ನಾವು ಹೋಗುವಷ್ಟರಲ್ಲಿ ಫ್ರಿಜ್ಜಿನ ಬಾಗಿಲಿನ ಒಂದು ತಟ್ಟೆಯನ್ನು ಖಾಲಿ ಮಾಡಿ ಒರೆಸಿಟ್ಟಿದ್ದರು. ತೆರೆಯದ ಇನ್ಸುಲಿನ್ ಬಾಟಲಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಆದರೆ ಹೆಪ್ಪುಗಟ್ಟಿದರೆ ಕೆಟ್ಟಿತು. ಐಸಿನ ಹತ್ತಿರ ಇಡುವಂತಿಲ್ಲ. ಒಂದು ಸಂಜೆ ಗುಡುಗು, ಸಿಡಿಲು, ಕರೆಂಟು ಹೋಯಿತು, ಮರುದಿನ ಮಧ್ಯಾಹ್ನದವರೆಗೂ ಬರಲಿಲ್ಲ. ನಾನು ಬಾಯಿ ಬಿಡುವ ಮೊದಲೇ ಅವರು ದೊಡ್ಡ ಗಡಿಗೆಯೊಳಗೆ ಚಿಕ್ಕ ಗಡಿಗೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಬಾಟಲಿಗಳಿದ್ದ ಡಬ್ಬಿಯನ್ನು ಒಳಗಿಳಿಸಿ, ಮೇಲೆ ತಣ್ಣೀರಿನ ಬಟ್ಟೆ ಮುಚ್ಚಿ ಅಡುಗೆಮನೆಯ ಕತ್ತಲೆ ಮೂಲೆಯಲ್ಲಿ ಇಟ್ಟಿದ್ದರು. ರಾತ್ರಿ ಎರಡು ಸಲ ಎದ್ದು ಮರಳಿಗೆ ನೀರು ಚಿಮುಕಿಸಿದ್ದನ್ನು ಅವರ ಯಜಮಾನರು ಹೇಳಿದ ಮೇಲೆಯೇ ನಮಗೆ ತಿಳಿದದ್ದು. ಅಮ್ಮಾ, ಕೋಣೆಯ ಬಾಡಿಗೆ ತೆಗೆದುಕೊಂಡಿರಿ ಸರಿ, ಇದಕ್ಕೆ ಏನು ಕೊಡೋಣ?

ಅಜ್ಜಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೊದಲ ಬೆಳಿಗ್ಗೆ ಅವರು ಹಾಗಲಕಾಯಿಯ ರಸ ಹಿಂಡಿ ಲೋಟದಲ್ಲಿ ಹಿಡಿದು ಬಂದರು. 'ಪಾಪದ ಕೂಸು, ಇದನ್ನು ಕುಡಿದರೆ ಸೂಜಿ ಬಿಡಬಹುದು' ಎಂದರು. ಇಂಥ ಮಾತನ್ನು ನಾವು ಎಲ್ಲ ಕಡೆ ಕೇಳಿದ್ದೇವೆ. ಗಣಿತದ ಗೆಳತಿ ಅವರ ಪಕ್ಕ ಕುಳಿತು ನಿಧಾನವಾಗಿ ವಿವರಿಸಿದರು: ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆ ಬೇರೆ, ಇದು ಬೇರೆ, ಈ ಮಗುವಿಗೆ ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಹಾಗಾದರೆ ಹಿಂದೆ ಇಂಥ ಮಕ್ಕಳು ಏನಾಗುತ್ತಿದ್ದರು ಎಂದು ಅಜ್ಜಿ ಕೇಳಿದರು. ಉಳಿಯುತ್ತಿರಲಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಇನ್ಸುಲಿನ್ ಚುಚ್ಚಿದ್ದೇ ಮೊದಲು, ಅದರಿಂದ ಈ ಮಕ್ಕಳಿಗೆ ಬದುಕು ಬಂತು ಎಂದು ಗೆಳತಿ ಹೇಳಿದರು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ತಾವು ಚಿಕ್ಕವರಿದ್ದಾಗ ಕೇರಿಯ ಒಂದು ಮಾಣಿ ನೀರು ನೀರು ಎನ್ನುತ್ತಲೇ ಸೊರಗಿ ಸೊರಗಿ ಹೋದದ್ದನ್ನು ಹೇಳಿದರು. ಮನೆಯವರು ದೆವ್ವ ಹಿಡಿದಿದೆ ಎಂದುಕೊಂಡಿದ್ದರಂತೆ. ಅವನಿಗೂ ಇದೇ ಕಾಯಿಲೆ ಇತ್ತೋ ಏನೋ. ಘಟ್ಟದ ಈ ಮೂಲೆಗೆ ಆ ಔಷಧಿ ಬರಲು ಎಷ್ಟು ವರ್ಷ ಹಿಡಿದಿರಬೇಕು.

ಮರುದಿನದಿಂದ ಹಾಗಲಕಾಯಿ ರಸ ಬರಲಿಲ್ಲ. ಬದಲಿಗೆ ಅಜ್ಜಿ ತಕ್ಕಡಿಯ ಪಕ್ಕ ನಿಂತರು. ಬೇಯಿಸಿದ 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟ ಇರುತ್ತದೆ. ಆ ಲೆಕ್ಕದ ಮೇಲೆ ಇನ್ಸುಲಿನ್ ಎಷ್ಟು ಎಂದು ನಿರ್ಧಾರವಾಗುತ್ತದೆ. ಅನ್ನ ಸುಲಭ. ಸೌತೆಕಾಯಿ ಕಡುಬಿನ ಲೆಕ್ಕ ಎಲ್ಲಿ ಸಿಗಬೇಕು? ಅಜ್ಜಿ ಮೊದಲು ಅಕ್ಕಿ ತೂಗಿದರು, ಬೆಲ್ಲ ತೂಗಿದರು, ಕಾಯಿತುರಿ ತೂಗಿದರು. ಬೆಂದ ಮೇಲೆ ಕಡುಬುಗಳನ್ನು ಎಣಿಸಿ ಗೆಳತಿ ಭಾಗಿಸಿದರು. 'ಒಂದೂವರೆ ಕಡುಬು, ತುಪ್ಪ ಬೇಕಾದಷ್ಟು' ಎಂದು ತೀರ್ಪು ಬಂತು. ಒಂದೆಲಗದ ತಂಬುಳಿಯನ್ನು ಮಾತ್ರ ಅಜ್ಜಿ ತೂಗಲು ಬಿಡಲಿಲ್ಲ, ಅದರಲ್ಲಿ ಲೆಕ್ಕ ಹಾಕುವಂಥದ್ದು ಹೆಚ್ಚೇನೂ ಇರಲೂ ಇಲ್ಲ. ಎಲ್ಲ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತರು. ನಮ್ಮ ಮಗಳು ಇನ್ಸುಲಿನ್ ತೆಗೆದುಕೊಂಡು ಕಾಯಬೇಕಾದ ಹತ್ತು ಹದಿನೈದು ನಿಮಿಷ ಉಳಿದವರೂ ಎಲೆಗೆ ಕೈ ಹಾಕಲಿಲ್ಲ. ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ. ಮೀನಿಲ್ಲದೆ ಒಂದು ಹೊತ್ತೂ ಉಣ್ಣದ ನಮ್ಮ ಕಾರವಾರದ ಹುಡುಗರು ತಂಬುಳಿಯನ್ನು ಕೇಳಿ ಕೇಳಿ ಕುಡಿದದ್ದನ್ನೂ ಇಲ್ಲಿ ದಾಖಲಿಸುತ್ತೇನೆ, ಅಜ್ಜಿಗೆ ಸಂತೋಷವಾಗಲಿ.

'ಸೊಕ್ಕಿದ್ದರೆ ಯಾಣ, ರೊಕ್ಕ ಇದ್ದರೆ ಗೋಕರ್ಣ' ಎಂಬ ಗಾದೆಯನ್ನು ಮಕ್ಕಳಿಗೆ ಹೇಳಿಕೊಟ್ಟವರೂ ಅಜ್ಜಿಯೇ. ಕಾಡಿನಲ್ಲಿ ದಿನವಿಡೀ ನಡೆದು ಯಾಣ ಮುಟ್ಟುತ್ತಿದ್ದ ಕಾಲದ ಮಾತು ಅದು. ಈಗ ಹತ್ತಿರದವರೆಗೆ ವಾಹನ ಹೋಗುತ್ತದೆ. 'ನನಗೆ ಸೊಕ್ಕಿದೆ' ಎಂದು ನಮ್ಮ ಮಗಳು ಸಾರಿದಳು, ಮರುದಿನ ಎಲ್ಲರೂ ಹೊರಟೆವು. ನಡಿಗೆ ಇದೆಯೆಂದು ಬೆಳಗಿನ ಇನ್ಸುಲಿನ್ ಅನ್ನು ಡಾಕ್ಟರು ಹೇಳಿಕೊಟ್ಟಂತೆ ತಗ್ಗಿಸಿದ್ದೆವು. ಆದರೂ ಮೆಟ್ಟಿಲು ಏರುತ್ತಿದ್ದಾಗ ಕಾಕಾರ ಮಗಳು, ನಮ್ಮವಳದೇ ವಯಸ್ಸು, ಹಿಂದಿರುಗಿ ಕೂಗಿದಳು: 'ಇವಳು ಸುಮ್ಮಸುಮ್ಮನೆ ಸಿಟ್ಟು ಮಾಡುತ್ತಿದ್ದಾಳೆ, ಸಕ್ಕರೆ ನೋಡಿ!' ಭಾನುವಾರದ ಪಾಠದಲ್ಲಿ ಹೇಳಿದ ಲಕ್ಷಣಗಳನ್ನು, ನಡುಕ, ಬೆವರು, ಕಾರಣವಿಲ್ಲದ ಸಿಟ್ಟು, ಆ ಮಗು ನೆನಪಿಟ್ಟುಕೊಂಡಿತ್ತು. ಮೀಟರಿನಲ್ಲಿ 62. 70ಕ್ಕಿಂತ ಕೆಳಗಿಳಿದರೆ ತಡಮಾಡುವಂತಿಲ್ಲ. ನಾನು ಇನ್ನೂ ಹತ್ತು ಮೆಟ್ಟಿಲು ಕೆಳಗಿದ್ದೆ. ಅಷ್ಟರಲ್ಲಿ ಕಾಕಾ ಅವಳನ್ನು ಕೂರಿಸಿ, 15 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಗಡಿಯಾರ ನೋಡುತ್ತಿದ್ದರು. ಚಾಕೊಲೇಟ್ ಕೊಡಲು ಹೋದ ಚಿಕ್ಕವನನ್ನು, ಅದರ ಕೊಬ್ಬಿನಿಂದ ಸಕ್ಕರೆ ನಿಧಾನವಾಗಿ ಏರುತ್ತದೆ ಎಂದು ಅವರ ಮಗಳೇ ತಡೆದಳು. ಹದಿನೈದು ನಿಮಿಷ ಕಾದು ಮತ್ತೆ ನೋಡಬೇಕು. ಮಕ್ಕಳೆಲ್ಲ ಮೆಟ್ಟಿಲಿನ ಮೇಲೆ ಸಾಲಾಗಿ ಕುಳಿತು ಅಂತ್ಯಾಕ್ಷರಿ ಹಚ್ಚಿದರು. ದಾರಿಹೋಕರು ಏನಾಯಿತೆಂದು ಕೇಳಿದರೆ, 'ಏನಿಲ್ಲ, ಇವಳ ಸಕ್ಕರೆ ಏರಬೇಕು' ಎಂದು ಹತ್ತು ವರ್ಷದ ಹುಡುಗ ಉತ್ತರಿಸುತ್ತಿದ್ದ. ಮಳೆ ಬಂದಿದೆ ಎಂದು ಹೇಳುವವರ ಧ್ವನಿ. ಆ ಧ್ವನಿಗಾಗಿ ನಾನು ಅವನಿಗೆ ಎಷ್ಟು ಕೃತಜ್ಞಳು ಎಂದು ಅವನಿಗೆ ದೊಡ್ಡವನಾದ ಮೇಲೆ ತಿಳಿದೀತು.

94 ಬಂತು. ಎದ್ದು ನಡೆದರು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, ಅದರ ಬಳಿ 90 ಮೀಟರಿನ ಮೋಹಿನಿ ಶಿಖರ, ಕಾಡಿನ ನಡುವೆ ಕಪ್ಪು ಸುಣ್ಣಕಲ್ಲು ಹಾಗೆ ಆಕಾಶಕ್ಕೆ ಎದ್ದು ನಿಂತಿರುವುದನ್ನು ಅವರೆಲ್ಲ ಒಟ್ಟಿಗೆ ಕತ್ತೆತ್ತಿ ನೋಡಿದರು. ಚಪ್ಪಲಿ ಬಿಟ್ಟು ಬಂಡೆಯ ಸೀಳಿನೊಳಗೆ ಕೈ ಕೈ ಹಿಡಿದು ಹೋದರು. ಮರುದಿನದ ವಿಭೂತಿ ಜಲಪಾತದ ನೀರಾಟ, ಶಿರಸಿಯ ಮಾರಿಕಾಂಬೆಯ ದರ್ಶನ, ಪೇಟೆಯಲ್ಲಿ ತೊಡದೇವು ಕೊಂಡದ್ದು ಇವೆಲ್ಲ ಚೆನ್ನಾಗಿಯೇ ಆದವು.

ಯಾಣದ ದಿನದ ರಾತ್ರಿಗೆ ಮತ್ತೆ ಬರುತ್ತೇನೆ. ಹೆಚ್ಚು ನಡೆದ ದಿನ ಗಂಟೆಗಳ ನಂತರವೂ, ನಿದ್ದೆಯಲ್ಲಿಯೂ, ಸಕ್ಕರೆ ಕುಸಿಯಬಹುದು. ಹಾಗಾಗಿ ನಡುರಾತ್ರಿ ಎದ್ದು ನೋಡಲೇಬೇಕು. ನಮ್ಮ ಮನೆಯಲ್ಲಿ ಅದು ನನ್ನ ಮತ್ತು ನನ್ನ ಗಂಡನ ಕೆಲಸ. ಆ ರಾತ್ರಿ ಗೆಳೆಯರು ನಮ್ಮಿಬ್ಬರ ಮೊಬೈಲ್ ಅಲಾರಂಗಳನ್ನು ಆರಿಸಿ, ತಾವೇ ಸರದಿ ಹಾಕಿಕೊಂಡರು. ಹನ್ನೆರಡಕ್ಕೆ ಗೆಳತಿಯ ಗಂಡ, ಮೂರಕ್ಕೆ ಕಾಕಾ. ಬೇಡವೆಂದೆ. 'ನಮಗೆ ಕಲಿಸಿದ್ದು ಇದಕ್ಕೇ ಅಲ್ಲವೇ ಅಕ್ಕಾ' ಎಂದರು ಕಾಕಾ. ಮಗಳು ಆಸ್ಪತ್ರೆಯಿಂದ ಬಂದ ಮೇಲೆ ನಾವಿಬ್ಬರೂ ಒಟ್ಟಿಗೆ ಬೆಳಗಿನವರೆಗೆ ಮಲಗಿದ್ದು ಅದೇ ಮೊದಲು. ಎದ್ದಾಗ ಅಡುಗೆಮನೆಯ ಮೇಜಿನ ಮೇಲೆ ಚೀಟಿ ಇತ್ತು: 12.00 - 136, 3.00 - 118, ಅದರ ಕೆಳಗೆ ಕಾಕಾರ ಸಹಿ, ಕಚೇರಿಯ ಹಾಜರಿ ಪುಸ್ತಕದಲ್ಲಿ ಹಾಕುವಂಥ ಪೂರ್ತಿ ಸಹಿ. ಅದನ್ನು ಓದಿ ನನ್ನ ಗಂಡ ಅಂಗಳಕ್ಕೆ ಹೋಗಿ ಅತ್ತರು. ಆಸ್ಪತ್ರೆಯಲ್ಲಿ ಕೂಡ ಅಳದವರು.

ಹೇಳಬೇಡಿ ಎಂದವರಿಗೂ ನಮ್ಮ ಪ್ರೀತಿ ಕಡಿಮೆಯಾಗಿಲ್ಲ. ಆದರೆ ಹೇಳಿದ್ದರಿಂದ ನಮಗೆ ಸಿಕ್ಕಿದ್ದು ಈ ಜನ. ಬೇಸಿಗೆ ರಜೆಯಲ್ಲಿ ತೋಟದ ಮನೆಯವರನ್ನೂ ಸೇರಿಸಿ ಎಲ್ಲರೂ ಕಾರವಾರಕ್ಕೆ ಬರಬೇಕು ಎಂದು ಮಕ್ಕಳು ಈಗಲೇ ತೀರ್ಮಾನಿಸಿದ್ದಾರೆ. ಅಜ್ಜಿ ಸಮುದ್ರ ನೋಡಿ ಬಹಳ ವರ್ಷಗಳಾಯಿತಂತೆ, ಅವರಿಗೆ ಕಿಟಕಿಯ ಕೋಣೆ.

ನಮ್ಮ ಜಿಲ್ಲೆಯಲ್ಲಿ ಟೈಪ್ 1 ಇರುವ ಮಗುವಿನ ಮನೆಯವರು ಇದನ್ನು ಓದುತ್ತಿದ್ದರೆ, ನಮ್ಮ ಪರಿಚಯದವರ ಮೂಲಕ ನಮ್ಮನ್ನು ಹುಡುಕಿ. ಕಡುಬಿನ ಲೆಕ್ಕ, ಗಡಿಗೆ ಇಡುವ ಬಗೆ, ಗೆಳೆಯರಿಗೆ ಕಲಿಸಿದ ಪಾಠ ಎಲ್ಲವನ್ನೂ ಕೊಡುತ್ತೇವೆ. ರಾತ್ರಿ ಮೂರು ಗಂಟೆಗೆ ಯಾರಿಗೆ ಫೋನ್ ಮಾಡುವುದೆಂದು ಸಂಕೋಚಪಡಬೇಡಿ, ಆ ಹೊತ್ತಿಗೆ ನಮ್ಮ ಮನೆಯಲ್ಲಿ ಒಬ್ಬರು ಎದ್ದೇ ಇರುತ್ತಾರೆ.