ಎಲೀಯಾಬನ ಎತ್ತರ: ಯುವ ಬರಹಗಾರ್ತಿಗೊಂದು ಪತ್ರ

ಬೀದರ್

ಕ್ರಿಸ್ತನಲ್ಲಿ ಪ್ರೀತಿಯ ತಂಗಿಗೆ ವಂದನೆಗಳು.

ನೀನು ಕಳುಹಿಸಿದ ಕತೆಗಳನ್ನೆಲ್ಲ ಓದಿ ಮುಗಿಸಿದೆ. ಭಾಷೆ ನಿನಗೆ ಒಲಿದಿದೆ. ತೊಗರಿ ಹೊಲ, ಸಂತೆಯ ದಿನದ ಬಸ್ಸು, ಆರಾಧನೆಗೆ ಮುನ್ನ ಜಮಖಾನ ಹಾಸುವ ಹುಡುಗರು, ಇವೆಲ್ಲ ಕಂಡು ಬರೆದವೆಂದು ಮೊದಲ ಪುಟದಲ್ಲೇ ತಿಳಿಯುತ್ತದೆ. ಆದರೆ ಮನುಷ್ಯರ ಸರದಿ ಬಂದಾಗ ನೀನು ನೋಡುವುದನ್ನು ನಿಲ್ಲಿಸುತ್ತೀಯೆ. ನಿನ್ನ ಕತೆಗಳ ಭಕ್ತೆಯರೆಲ್ಲ ಬೆಳ್ಳಗಿದ್ದಾರೆ, ಮೆಲ್ಲಗೆ ಮಾತಾಡುತ್ತಾರೆ. ಸಭೆಯ ಹಿರಿಯರದು ಇಸ್ತ್ರಿ ಮಾಡಿದ ಬಿಳಿ ಅಂಗಿ. ದಾರಿ ತಪ್ಪಿದವಳ ತುಟಿಗೆ ಬಣ್ಣ, ಮುಡಿಯಲ್ಲಿ ಹೂವು. ಹೊರಗಿನ ತೋರಿಕೆಗಿಂತ ಒಳಗಿನ ಗುಣ ದೊಡ್ಡದೆಂದು ಹೇಳುವುದೇ ನಿನ್ನ ಉದ್ದೇಶವೆಂದು ಬರೆದಿದ್ದೀಯೆ. ಆದರೆ ಕತೆ ಮಾತ್ರ ಗುಣವನ್ನು ತೋರಿಕೆಯಿಂದಲೇ ಅಳೆಯುತ್ತಿದೆ.

ಬೈಬಲಿನ ಸಮುವೇಲನ ಮೊದಲನೆಯ ಗ್ರಂಥದ 16ನೆಯ ಅಧ್ಯಾಯವನ್ನು ನೀನು ಸಂಡೇ ಸ್ಕೂಲಿನಿಂದಲೂ ಕೇಳಿದವಳು. ಈಗ ಅದನ್ನು ಬರಹಗಾರ್ತಿಯಾಗಿ ಓದು. ಬೇತ್ಲೆಹೇಮಿನಲ್ಲಿ ಇಷಯನ ಹಿರಿಯ ಮಗ ಎಲೀಯಾಬನನ್ನು ಕಂಡೊಡನೆ, ಹೊಸ ಅರಸನಾಗಿ ಅಭಿಷೇಕಕ್ಕೆ ತಕ್ಕವನು ಇವನೇ ಎಂದು ಪ್ರವಾದಿ ಸಮುವೇಲನೇ ಅಂದುಕೊಳ್ಳುತ್ತಾನೆ. ಇವನ ಚೆಲುವನ್ನೂ ಎತ್ತರವನ್ನೂ ನೋಡಬೇಡ, ಮನುಷ್ಯರು ನೋಡುವುದು ಹೊರಗಿನದನ್ನು, ದೇವರು ನೋಡುವುದು ಹೃದಯವನ್ನು ಎಂಬ ಉತ್ತರ ಬರುತ್ತದೆ. ಈ ಮಾತಿನ ಭಾರ ತಿಳಿಯಬೇಕಾದರೆ 9ನೆಯ ಅಧ್ಯಾಯ ನೆನಪಿನಲ್ಲಿರಬೇಕು: ಅಲ್ಲಿ ಮೊದಲ ಅರಸ ಸೌಲನೂ ಚೆಲುವ, ಜನರೆಲ್ಲರೂ ಅವನ ಹೆಗಲಿನವರೆಗೆ ಮಾತ್ರ ಬರುವಷ್ಟು ಎತ್ತರದವನು. ಆ ಎತ್ತರದ ಅರಸನಿಂದ ಮನನೊಂದು ಅತ್ತವನೇ ಸಮುವೇಲ. ಅಷ್ಟು ಅನುಭವಿಸಿದವನ ಕಣ್ಣೂ ಮತ್ತೆ ಎತ್ತರಕ್ಕೇ ಸೋಲುತ್ತದೆ.

ಮುಂದೆ ನಡೆಯುವುದು ನಮ್ಮ ಕಸುಬಿಗೆ ಇನ್ನೂ ಹತ್ತಿರದ್ದು. ಎಲೀಯಾಬನ ಹೃದಯದಲ್ಲಿ ಏನು ಕೊರತೆಯಿತ್ತೆಂದು ಆ ಅಧ್ಯಾಯ ಹೇಳುವುದೇ ಇಲ್ಲ. ಅಹಂಕಾರಿ ಎನ್ನುವುದಿಲ್ಲ, ಹೊಟ್ಟೆಕಿಚ್ಚಿನವನು ಎನ್ನುವುದಿಲ್ಲ. 17ನೆಯ ಅಧ್ಯಾಯದಲ್ಲಿ, ತಂದೆ ಕೊಟ್ಟ ಹುರಿಗಾಳನ್ನೂ ಹತ್ತು ರೊಟ್ಟಿಗಳನ್ನೂ ಅಣ್ಣಂದಿರಿಗಾಗಿ ಹೊತ್ತು, ದೇವರು ಆರಿಸಿಕೊಂಡ ಕಿರಿಯ ತಮ್ಮ ದಾವೀದನು ರಣರಂಗಕ್ಕೆ ಬಂದಾಗ, ಈ ಹಿರಿಯಣ್ಣ ಸಿಡಿದೇಳುತ್ತಾನೆ: ಅಡವಿಯಲ್ಲಿರುವ ಆ ನಾಲ್ಕಾರು ಕುರಿಗಳನ್ನು ಯಾರಿಗೆ ಒಪ್ಪಿಸಿ ಬಂದೆ, ನಿನ್ನ ಸೊಕ್ಕೂ ನಿನ್ನ ಹೃದಯದ ಕೆಟ್ಟತನವೂ ನನಗೆ ಗೊತ್ತು ಎನ್ನುತ್ತಾನೆ. ಹೃದಯವನ್ನು ಕಾಣುವವನು ದೇವರೆಂದು ಈಗಷ್ಟೇ ಕೇಳಿದ ಕಿವಿಗೆ, ತಮ್ಮನ ಹೃದಯ ತನಗೆ ಗೊತ್ತೆನ್ನುವ ಈ ಮಾತು ಬಿದ್ದಾಗ, ಎಲೀಯಾಬನ ಒಳಗೇ ತೆರೆದುಕೊಳ್ಳುತ್ತದೆ. ಬರೆದವರು ತಾವಾಗಿ ತೀರ್ಪು ಕೊಡಲಿಲ್ಲ. ಅವನ ಬಾಯಿಂದ ಆ ಮಾತು ಆಡಿಸಿ ಸುಮ್ಮನಾದರು. ಪಾತ್ರವನ್ನು ಕಟ್ಟುವ ಬಗೆಯನ್ನು ನಾನು ಕಲಿತದ್ದು ಇಲ್ಲಿಯೇ.

ಹಾಗೆಂದು ಒಳ್ಳೆಯವರನ್ನೆಲ್ಲ ಕುರೂಪಿಗಳನ್ನಾಗಿ ಮಾಡಲು ಹೊರಡಬೇಡ. ಅದೇ 16ನೆಯ ಅಧ್ಯಾಯವೇ ದಾವೀದನ ಕೆಂಬಣ್ಣವನ್ನೂ ಸುಂದರವಾದ ಕಣ್ಣುಗಳನ್ನೂ ಸಂತೋಷದಿಂದ ಹೇಳುತ್ತದೆ. ರೂಪವನ್ನು ಕಾಣಬಾರದೆಂದಲ್ಲ, ರೂಪದಿಂದ ತೀರ್ಪು ಕೊಡಬಾರದು. ಹೃದಯವನ್ನು ನೋಡುವುದು ದೇವರಿಗೆ ಸೇರಿದ್ದು. ನಮಗೆ ಕಾಣುವುದು ಮನುಷ್ಯರ ನಡೆ, ನುಡಿ, ಕೈಗೆಲಸ. ಆದ್ದರಿಂದ ಒಬ್ಬಳು ಒಳ್ಳೆಯವಳೆಂದು ಬರೆಯುವ ಬದಲು ಅವಳು ಏನು ಮಾಡಿದಳೆಂದು ಬರೆ.

ನಮ್ಮ ಸಭೆಯಲ್ಲಿ ಒಬ್ಬ ಆಯಿ ಇದ್ದರು. ಬಾಯಿ ಬಹಳ ಜೋರು. ಪ್ರಸಂಗದ ನಡುವೆ ನಿದ್ದೆ ಹೋಗುತ್ತಿದ್ದರು, ಹಾಡಿನಲ್ಲಿ ಎಲ್ಲರಿಗಿಂತ ಒಂದು ಸಾಲು ಮುಂದಿರುತ್ತಿದ್ದರು. ಅವರನ್ನು ಭಕ್ತೆ ಎಂದು ಯಾರೂ ಕರೆದದ್ದಿಲ್ಲ. ಅವರೊಡನೆ ನಡುಗೋಡೆಯ ಸಲುವಾಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಮನೆಯ ಸೊಸೆ, ಹೆರಿಗೆಯಾದ ಮೇಲೆ ಜ್ವರ ಬಂದು ಆಸ್ಪತ್ರೆ ಸೇರಿದಾಗ, ರಾತ್ರಿ ಜೊತೆಗಿರಲು ಬಂದವರು ಈ ಆಯಿ. ನಾನು ನೋಡಲು ಹೋದಾಗ ಅವರು ಮಂಚದ ಕೆಳಗಿನ ಪಾತ್ರೆಯನ್ನು ತೊಳೆದು ತಂದಿಟ್ಟು, ಕೈ ತೊಳೆದು ಸೆರಗಿಗೆ ಒರೆಸಿಕೊಂಡು, ಜೋಳದ ಗಂಜಿಯನ್ನು ಚಮಚದಲ್ಲಿ ಆರಿಸಿ ಆರಿಸಿ ಕುಡಿಸುತ್ತಿದ್ದರು; ಕುಡಿಸುತ್ತಲೇ ಆ ಮನೆಯವರನ್ನೆಲ್ಲ ಹೆಸರು ಹಿಡಿದು ಬೈಯುತ್ತಿದ್ದರು. ಬೈಗುಳವೂ ನಿಲ್ಲಲಿಲ್ಲ, ಚಮಚವೂ ನಿಲ್ಲಲಿಲ್ಲ. ಇಂಥವರು ನಿನ್ನ ಕತೆಗೆ ಬಂದರೆ ನೀನು ಬೈಗುಳವನ್ನು ತೆಗೆದುಹಾಕಿ ಗಂಜಿಯನ್ನು ಮಾತ್ರ ಉಳಿಸುವೆಯೆಂಬ ಭಯ ನನಗಿದೆ. ದಯವಿಟ್ಟು ಎರಡನ್ನೂ ಉಳಿಸು.

ಬಣ್ಣದ ವಿಷಯವನ್ನು ಬಿಡಿಸಿಯೇ ಹೇಳುತ್ತೇನೆ. ಕಳೆ ಕೀಳಲು, ಜೋಳ ಕೊಯ್ಯಲು, ತೊಗರಿ ಬಡಿಯಲು ದಿನವಿಡೀ ಬಿಸಿಲಿನಲ್ಲಿರುವ ನಮ್ಮ ಹೆಂಗಸರು ಬಹುಪಾಲು ಕಪ್ಪಗಿದ್ದಾರೆ, ಮತ್ತು ನಮ್ಮ ಹಳ್ಳಿಯ ಸಭೆಗಳು ನಿಂತಿರುವುದೇ ಅವರಿಂದ. ಹೀಗಿದ್ದರೂ ಹೆಣ್ಣು ನೋಡಲು ಬಂದವರು, ಪ್ರಾರ್ಥನೆ ಮಾಡಿ ಕುಳಿತ ಮೇಲೂ, ಮೊದಲು ಗಮನಿಸುವುದು ಬಣ್ಣವನ್ನೇ. ನಾಲ್ಕು ಸುವಾರ್ತೆಗಳಲ್ಲಿ ಒಂದಾದರೂ ಯೇಸುವಿನ ಮೈಬಣ್ಣವನ್ನು ಹೇಳುವುದಿಲ್ಲ. ಕ್ರೈಸ್ತರು ಯಾರಲ್ಲಿ ಯೇಸುವನ್ನು ಕಾಣುತ್ತ ಬಂದಿದ್ದಾರೋ, ಯೆಶಾಯನ 53ನೆಯ ಅಧ್ಯಾಯದ ಆ ಸೇವಕನಿಗೆ ಕಣ್ಸೆಳೆಯುವ ಅಂದಚಂದ ಇರಲಿಲ್ಲ. ಹಾಗಿರುವಾಗ ಗೋಡೆಯ ಕ್ಯಾಲೆಂಡರಿನ ಯೇಸುವಿನ ಬಣ್ಣವನ್ನು ನಿನ್ನ ಪಾತ್ರಗಳಿಗೆ ಬಳಿಯುವ ಅಗತ್ಯವೇನು?

ಹೂ ಮುಡಿದ ಹುಡುಗಿಯನ್ನು ಖಂಡಿಸಲು ನೀನು ಪೇತ್ರನ ಮೊದಲ ಪತ್ರಿಕೆಯ 3ನೆಯ ಅಧ್ಯಾಯವನ್ನು ಎತ್ತಿಕೊಂಡಿದ್ದೀಯೆ. ಹೆಣೆದ ಜಡೆ, ಚಿನ್ನ, ಉಡುಪುಗಳಿಗಿಂತ ಸಾತ್ವಿಕವಾದ ಶಾಂತ ಮನಸ್ಸು ದೇವರ ಮುಂದೆ ಬೆಲೆಯುಳ್ಳದ್ದು ಎಂಬ ಮಾತು ನನಗೂ ಪ್ರಿಯ. ಮೆಥೋಡಿಸ್ಟ್ ಕ್ರೈಸ್ತ ಪಂಗಡದ ಮೂಲಪುರುಷ ಜಾನ್ ವೆಸ್ಲಿ 18ನೆಯ ಶತಮಾನದಲ್ಲಿ ಇದೇ ವಾಕ್ಯದ ಮೇಲೆ ಪ್ರಸಂಗ ಮಾಡಿ, ದುಬಾರಿ ಬಟ್ಟೆಗೆ ಸುರಿಯುವ ಹಣ ಬಡವರಿಗೆ ಸೇರಬೇಕಾದದ್ದೆಂದು ವಾದಿಸಿದ್ದರು. ಅವರ ಕಣ್ಣು ಬಡವರ ಮೇಲಿತ್ತು. ನಮ್ಮಲ್ಲಿ ಮಾತ್ರ ಈ ವಾಕ್ಯ ಹೆಣ್ಣುಮಕ್ಕಳನ್ನು ಅಳೆಯುವ ಕೋಲಾಗಿದೆ, ಮತ್ತು ಒಡವೆ ಕಳಚಿದ್ದೇ ಭಕ್ತಿಯ ಗುರುತಾದ ಕಡೆ ಬೋಳು ಕೊರಳೂ ಒಂದು ತೋರಿಕೆಯೇ ಆಗುತ್ತದೆ. ನಮ್ಮದೇ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಇಂಥ ತೋರಿಕೆಯ ಭಕ್ತಿಯನ್ನು ಎಷ್ಟು ಕಡಿಮೆ ಮಾತಿನಲ್ಲಿ ಬಯಲಿಗೆಳೆದರೆಂಬುದನ್ನು ಕ್ರೈಸ್ತ ಬರಹಗಾರರೂ ಕೂತು ಓದಬೇಕು. ಹುಡುಗಿಯ ಮುಡಿಯಲ್ಲಿ ಹೂವು ಇರಲಿ. ಅವಳ ತಪ್ಪೇನಿದ್ದರೂ ಅದನ್ನು ಅವಳ ನಡೆಯಲ್ಲಿ ತೋರಿಸು.

ಇನ್ನು ಆ ಹಿರಿಯರು. ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಸಭೆಗೆ ಚಿನ್ನದ ಉಂಗುರದವನೊಬ್ಬ, ಕೊಳಕು ಬಟ್ಟೆಯ ಬಡವನೊಬ್ಬ ಬರುತ್ತಾರೆ; ಒಬ್ಬನಿಗೆ ಒಳ್ಳೆಯ ಪೀಠ ಸಿಗುತ್ತದೆ, ಇನ್ನೊಬ್ಬನಿಗೆ ಅಲ್ಲಿ ನಿಲ್ಲು ಎಂಬ ಮಾತು ಸಿಗುತ್ತದೆ. ನಿನ್ನ ಹಿರಿಯರನ್ನೂ ಒಂದು ಭಾನುವಾರ ಬಾಗಿಲಿನಲ್ಲಿ ನಿಲ್ಲಿಸು. ಕಾರಿನಿಂದ ಇಳಿದ ಗುತ್ತಿಗೆದಾರರೂ, ಹೊಲದಿಂದ ನೇರವಾಗಿ ಬಂದ ಕೂಲಿಯವರೂ ಒಟ್ಟಿಗೆ ಒಳಗೆ ಕಾಲಿಡಲಿ, ಖಾಲಿ ಕುರ್ಚಿ ಒಂದೇ ಇರಲಿ. ಅವರು ಏನು ಮಾಡುವರೆಂದು ಮೊದಲೇ ತೀರ್ಮಾನಿಸಿಕೊಂಡು ಬರೆಯಲು ಕೂರಬೇಡ. ಅವರ ಕೈ ಯಾರ ಕಡೆಗೆ ಚಾಚುತ್ತದೆಂದು ಬರೆಯುತ್ತಲೇ ನೋಡು. ತಿದ್ದಿದ ಪ್ರತಿಯನ್ನು ಸುಗ್ಗಿಯ ಹಬ್ಬದೊಳಗೆ ಕಳುಹಿಸು, ನಾನು ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಅಕ್ಕ