ಹೆರಿಗೆ ಆದಮೇಲಿನ ಪುಟ ಎಲ್ಲಿ ಹೋಯಿತು?

ಸಂಪಾದಕರೇ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಗರ್ಭಿಣಿಯರಿಗಾಗಿ ಬರುವ ಲೇಖನಗಳನ್ನು ಒಂಬತ್ತು ತಿಂಗಳೂ ತಪ್ಪದೆ ಓದಿದವಳು ನಾನು. ಯಾವ ತಿಂಗಳಲ್ಲಿ ಮಗು ಎಷ್ಟು ಬೆಳೆದಿರುತ್ತದೆ, ಆಸ್ಪತ್ರೆಗೆ ಹೊರಡುವಾಗ ಬ್ಯಾಗಿನಲ್ಲಿ ಏನೇನಿರಬೇಕು, ನೋವು ಎಷ್ಟು ನಿಮಿಷಕ್ಕೊಮ್ಮೆ ಬಂದರೆ ಹೊರಡಬೇಕು, ಎಲ್ಲ ಕತ್ತರಿಸಿ ಇಟ್ಟುಕೊಂಡಿದ್ದೆ. ಆದರೆ ಆ ಲೇಖನಗಳೆಲ್ಲ ಮಗು ಅತ್ತ ಕೂಡಲೇ ಮುಗಿದುಬಿಡುತ್ತವೆ, ಗಮನಿಸಿದ್ದೀರಾ? ನನಗೆ ಕಷ್ಟ ಶುರುವಾಗಿದ್ದೇ ಅಲ್ಲಿಂದ.

ಮಗಳಿಗೆ ಈಗ ಏಳು ವಾರ. ಅವಳು ಮಲಗಿದಾಗೆಲ್ಲ ನಾಲ್ಕು ನಾಲ್ಕು ಸಾಲು ಬರೆದು ಮುಗಿಸಿದ ಪತ್ರ ಇದು. ಹಿಂದುಮುಂದಾಗಿದ್ದರೆ ಸರಿಮಾಡಿಕೊಳ್ಳಿ.

ಹೆರಿಗೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. 19 ಗಂಟೆ ನೋವು ತಿಂದೆ, ಹೊಲಿಗೆ ಬಿತ್ತು, ಮಗು ಚೆನ್ನಾಗಿತ್ತು. ನೋವಿಗೆ ನಾನು ತಯಾರಾಗಿದ್ದೆ. ಮಗುವನ್ನು ಎದೆ ಮೇಲೆ ಮಲಗಿಸಿದ ತಕ್ಷಣ ಪ್ರೀತಿ ಉಕ್ಕಿ ಹರಿಯುತ್ತದೆ ಅಂತ ಕೇಳಿದ್ದೆ ನೋಡಿ, ಅದಕ್ಕೂ ತಯಾರಾಗಿದ್ದೆ. ಅದು ಆಗಲಿಲ್ಲ. ನನಗೆ ಬಂದದ್ದು ನಿದ್ದೆ. ಸುಮ್ನೆ ಯಾರಾದರೂ ಇವಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡರೆ ಸಾಕು ಅನ್ನಿಸಿತು. ನಾನು ಎಂಥ ತಾಯಿ ಅಂತ ಅಂದೇ ಹೆದರಿದೆ. ಪ್ರೀತಿ ಬಂತು, ಎರಡನೇ ವಾರದ ಯಾವುದೋ ರಾತ್ರಿ, ಸದ್ದಿಲ್ಲದೆ. ತಡವಾಗಿ ಬಂದರೂ ಅದು ಪ್ರೀತಿಯೇ ಅಂತ ಮೊದಲೇ ಯಾರಾದರೂ ಹೇಳಬಹುದಿತ್ತು ಅಲ್ವಾ?

ಆಮೇಲೆ ಮೂರನೇ ದಿನ. ಅಷ್ಟರಲ್ಲಿ ಮನೆಗೆ ಬಂದಿದ್ದೆವು. ಬೆಳಿಗ್ಗೆ ಏಳುವಾಗ ಎದೆ ಕಲ್ಲಿನಂತಾಗಿತ್ತು, ಮುಟ್ಟಿದರೆ ಬಿಸಿ, ಮಗುವಿಗೆ ಬಾಯಲ್ಲಿ ಹಿಡಿಯಲೂ ಆಗದಷ್ಟು ಬಿಗಿ. ಅವಳ ಒಂದು ಕಾಲುಚೀಲ ಸಿಗಲಿಲ್ಲ ಅಂತ ನಾನು ಅರ್ಧ ಗಂಟೆ ಅತ್ತೆ. ನಿಜವಾಗಿ, ಕಾಲುಚೀಲಕ್ಕೆ! ಗಂಡ ಗಾಬರಿಯಾಗಿ ಇನ್ನೊಂದು ಜೊತೆ ತಂದುಕೊಟ್ಟರೆ ಅದಕ್ಕೂ ಅತ್ತೆ.

ಕಾರಣ ಆಮೇಲೆ ಒಬ್ಬರು ನರ್ಸ್ ಹೇಳಿದರು. ಒಂಬತ್ತು ತಿಂಗಳು ಏರುತ್ತಲೇ ಇದ್ದ ಹಾರ್ಮೋನುಗಳು ಮಾಸು ಬಿದ್ದ ಮೇಲೆ ಕೆಲವೇ ದಿನಗಳಲ್ಲಿ ದಬಕ್ಕನೆ ಇಳಿಯುತ್ತವೆ. ಮೊದಲೆರಡು ದಿನದ ಗಟ್ಟಿ ಹಳದಿ ಹಾಲು ಹೋಗಿ ಹಾಲು ತುಂಬಿ ಬರುವುದೂ ಆಗಲೇ. ನಿದ್ದೆಯಂತೂ ಇರುವುದಿಲ್ಲ. ಹೆತ್ತವರಲ್ಲಿ ಹೆಚ್ಚಿನವರು ಆ ದಿನಗಳಲ್ಲಿ ಹೀಗೇ ಅಳುತ್ತಾರಂತೆ, ಎರಡು ವಾರದೊಳಗೆ ತಾನಾಗಿಯೇ ಇಳಿಯುತ್ತದಂತೆ. ಅದಕ್ಕೂ ಮೀರಿ ಮುಂದುವರಿದರೆ, ಅಥವಾ ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಅದು ಬೇರೆ, ಅದು ಕಾಯಿಲೆ, ಔಷಧಿ ಇದೆ, ಕಾಯದೆ ವೈದ್ಯರ ಹತ್ತಿರ ಹೋಗಬೇಕು. ಇಷ್ಟನ್ನು ಹೇಳಲು ಅವರಿಗೆ ಎರಡು ನಿಮಿಷ ಸಾಕಾಯಿತು. ಆ ಎರಡು ನಿಮಿಷ ನನಗೆ ಸಿಕ್ಕಿದ್ದು ಹತ್ತನೇ ದಿನ.

ನಾಲ್ಕನೇ ದಿನ ಮಗಳ ಡೈಪರಿನಲ್ಲಿ ರಕ್ತದ ಕಲೆ ಕಂಡಿತು. ನನ್ನ ಜೀವವೇ ಹೋದಂತಾಯಿತು. ಅದೂ ಏನೂ ಅಲ್ಲವಂತೆ. ಹೊಟ್ಟೆಯಲ್ಲಿದ್ದಾಗ ಸಿಗುತ್ತಿದ್ದ ನನ್ನ ಹಾರ್ಮೋನು ನಿಂತುಹೋದಾಗ ಕೆಲವು ಹೆಣ್ಣುಕೂಸುಗಳಿಗೆ ಹಾಗಾಗುತ್ತದೆ, ಕೆಲವು ದಿನಗಳಲ್ಲಿ ನಿಲ್ಲುತ್ತದೆ. ಅಂದರೆ ನಾನು ಕಾಲುಚೀಲಕ್ಕೆ ಅತ್ತದ್ದಕ್ಕೂ ಅವಳ ಡೈಪರಿನ ಕಲೆಗೂ ಕಾರಣ ಹೆಚ್ಚುಕಡಿಮೆ ಒಂದೇ. ಇದು ಗೊತ್ತಾದಾಗ ನಗು ಬಂತು, ಅವಳ ಮೇಲೆ ಒಂಥರಾ ಸ್ನೇಹವೂ ಬಂತು.

ತೂಕದ ಕಥೆ ಕೇಳಿ. ಹುಟ್ಟಿದಾಗ 3 ಕೆಜಿ 100 ಗ್ರಾಂ. ನಾಲ್ಕನೇ ದಿನ 2 ಕೆಜಿ 860. ನೋಡಲು ಬಂದವರೆಲ್ಲ ಹಾಲು ಸಾಲುತ್ತಿಲ್ಲ ಎಂದರು. ಮೊದಲ ದಿನಗಳಲ್ಲಿ ಮಕ್ಕಳ ತೂಕ ಸ್ವಲ್ಪ ಇಳಿದೇ ಇಳಿಯುತ್ತದೆ, ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳುತ್ತದೆ. ನೂರಕ್ಕೆ ಹತ್ತರಷ್ಟು ಇಳಿದರೆ ಮಾತ್ರ ತಕ್ಷಣ ತೋರಿಸಬೇಕು. ಹಾಲು ಸಾಲುತ್ತಿದೆಯೇ ಅಂತ ತಿಳಿಯಲು ಒದ್ದೆ ಡೈಪರ್ ಎಣಿಸಬೇಕಂತೆ, ಐದಾರನೇ ದಿನದ ಹೊತ್ತಿಗೆ ದಿನಕ್ಕೆ ಆರಾದರೂ ಇರಬೇಕು. ನಾವು ಎಣಿಸಿದೆವು, ಏಳಿತ್ತು. 13ನೇ ದಿನ 3 ಕೆಜಿ 120. ಆ 20 ಗ್ರಾಂ ನೋಡಿ ನಾನು ಪಟ್ಟ ಖುಷಿ ಪರೀಕ್ಷೆ ಪಾಸಾದಾಗಲೂ ಪಟ್ಟಿರಲಿಲ್ಲ.

ಎಳೆಕೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ ಅಂತ ಓದಿದಾಗ ಅದೊಂದು ಬರೀ ಅಂಕಿ. ಒಂದೊಂದು ಸಲಕ್ಕೆ ಮುಕ್ಕಾಲು ಗಂಟೆ ಹಿಡಿದರೆ ದಿನದಲ್ಲಿ ಉಳಿಯುವುದೇನು, ಲೆಕ್ಕ ಹಾಕಿ. ಗಂಡ ಮೊದಲ ವಾರ "ಏನು ಮಾಡಲಿ ಹೇಳು" ಎಂದು ಕೇಳುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಿದ್ದರು, ಆದರೆ ಹೇಳುವುದೂ ನನ್ನ ಕೆಲಸವೇ ಆಯಿತಲ್ಲ. ಒಂದು ರಾತ್ರಿ ಕೂಗಾಡಿದೆ. ಮರುದಿನದಿಂದ ತೇಗು ಬರಿಸುವುದು, ಡೈಪರ್, ಬಟ್ಟೆ ಒಗೆಯುವುದು ಕೇಳದೆಯೇ ಅವರ ಪಾಲಾಯಿತು.

ನನ್ನ ದೂರು ಇಷ್ಟೇ. ಡಿಸ್ಚಾರ್ಜ್ ಆಗುವಾಗ ಕೊಟ್ಟ ಹಾಳೆಗಳಲ್ಲಿ ಮಗುವಿನ ಲಸಿಕೆ, ಹೊಕ್ಕುಳು, ಕಾಮಾಲೆ ಎಲ್ಲದರ ಬಗ್ಗೆ ಇತ್ತು. ನನ್ನ ಬಗ್ಗೆ ಒಂದೇ ಸಾಲು: ಆರು ವಾರದ ನಂತರ ಬನ್ನಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ತಾಯಿ, ಮಗು ಇಬ್ಬರನ್ನೂ ಹೆರಿಗೆಯ ಮೊದಲ 24 ಗಂಟೆಯ ಆರೈಕೆಯ ನಂತರ ಇನ್ನೂ ಮೂರು ಸಲವಾದರೂ ನೋಡಬೇಕು ಅನ್ನುತ್ತದೆ: 48ರಿಂದ 72 ಗಂಟೆಯೊಳಗೆ, 7ರಿಂದ 14 ದಿನದೊಳಗೆ, ಆಮೇಲೆ ಆರನೇ ವಾರ. ಆ ಮೊದಲ ಭೇಟಿ ನನಗೆ ಸಿಕ್ಕಿದ್ದರೆ ಸರಿಯಾಗಿ ಕಾಲುಚೀಲದ ದಿನಕ್ಕೇ ಬೀಳುತ್ತಿತ್ತು.

ಆ ಹಾಳೆಯಲ್ಲಿ ಏನಿರಬೇಕು ಅಂತಲೂ ಹೇಳುತ್ತೇನೆ. ರಕ್ತ ಹೋಗುವುದು ಐದು ದಿನಕ್ಕೆ ನಿಲ್ಲುವುದಿಲ್ಲ, ಬಣ್ಣ ತಿಳಿಯಾಗುತ್ತಾ ಆರು ವಾರದವರೆಗೂ ಇರಬಹುದು. ಮಗು ಹಾಲು ಕುಡಿಯುವಾಗ ಕಿಬ್ಬೊಟ್ಟೆ ಹಿಂಡಿದಂತಾಗುತ್ತದೆ, ಗರ್ಭಕೋಶ ಕುಗ್ಗುತ್ತಿರುತ್ತದೆ, ಹೆದರಬೇಡಿ. ಆದರೆ ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ, ಜ್ವರ ಬಂದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಇದನ್ನೆಲ್ಲ ನಾನು ರಾತ್ರಿ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫೋನ್ ಹಿಡಿದು ಹುಡುಕಿ ತಿಳಿದದ್ದು.

ಹೋದ ವಾರ ಆರು ವಾರದ ಭೇಟಿಯೂ ಆಯಿತು. ಏಳು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಹೊಲಿಗೆ ನೋಡಿದರು, ಒಣಗಿದೆ ಎಂದರು. ಎರಡು ಕೇಳುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು. ಉಳಿದ ಐದು ಪ್ರಶ್ನೆ ಇನ್ನೂ ಚೀಟಿಯಲ್ಲೇ ಇವೆ. ಬೇಕಿದ್ದರೆ ಕಳಿಸಿಕೊಡುತ್ತೇನೆ, ನಿಮ್ಮ ಆರೋಗ್ಯ ಪುಟಕ್ಕೆ ಬರೆಯುವ ವೈದ್ಯರಿಂದ ಉತ್ತರ ಬರೆಸಿ.

ಇಂತಿ,
ಏಳು ವಾರದ ಮಗುವಿನ ತಾಯಿ